ನಿಂತ ವಾಹನದ ಕಾಣದ ಹೊಗೆ
(ಮಂಗಳೂರು ನಗರದಲ್ಲಿ ಘಟ್ಟದ ಹಳ್ಳಿಗಳ ನಿವಾಸಿಗಳು ಹಾಗೂ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಪಠ್ಯ)



ವಾಹನಗಳ ಮಾಲಿನ್ಯವೆಂದಾಗ ಎಲ್ಲರ ದೃಷ್ಟಿಯೂ ಸೈಲೆನ್ಸರಿನ ಕಡೆಗೆ ಹೊರಳುತ್ತದೆ. ತಪಾಸಣಾ ಕೇಂದ್ರದವರು ಅದರ ಬಾಯಿಗೆ ಕೊಳವೆ ತೂರಿಸಿ, ಹೊರಬರುವ ಕಾರ್ಬನ್ ಮೊನಾಕ್ಸೈಡನ್ನೂ ಹೈಡ್ರೊಕಾರ್ಬನ್ನನ್ನೂ ಅಳೆದು ಚೀಟಿ ಕೊಡುತ್ತಾರೆ. ಆದರೆ ಪೆಟ್ರೋಲ್ ವಾಹನವು ಎಂಜಿನ್ ಆರಿಸಿ ನಿಂತಿರುವಾಗಲೂ ಗಾಳಿಯನ್ನು ಕೆಡಿಸಬಲ್ಲದು. ಆ ಲೆಕ್ಕ ಯಾವ ಚೀಟಿಯಲ್ಲಿಯೂ ಬರುವುದಿಲ್ಲ.

ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಮಂಗಳೂರಿನ ಬಂದರು ಪ್ರದೇಶದ ಬಿಸಿಲಿನಲ್ಲಿ ನಿಂತ ಕಾರನ್ನು ನೆನೆದುಕೊಳ್ಳಬಹುದು. ಅಡಿಕೆಯನ್ನೋ ಕಾಳುಮೆಣಸನ್ನೋ ಮಾರಲು ಘಟ್ಟದಿಂದ ಇಳಿದು ಬಂದ ಕೃಷಿಕರದು. ಟ್ಯಾಂಕು ಕಾಯುತ್ತದೆ, ಪೆಟ್ರೋಲು ಆವಿಯಾಗುತ್ತದೆ. ಈ ಆವಿಯಲ್ಲಿ ಕ್ಯಾನ್ಸರಿಗೆ ಕಾರಣವೆಂದು ಸಿದ್ಧವಾಗಿರುವ ಬೆಂಜೀನ್ ಇದೆ. ಸಾರಜನಕದ ಆಕ್ಸೈಡುಗಳೊಡನೆ ಬಿಸಿಲಿನಲ್ಲಿ ಬೆರೆತಾಗ ಇದರಿಂದ ಓಝೋನ್ ಹುಟ್ಟುತ್ತದೆ. ಆಕಾಶದ ಮೇಲ್ಪದರದಲ್ಲಿ ಕಾಪಾಡುವ ಓಝೋನ್, ನೆಲದ ಮಟ್ಟದಲ್ಲಿ ಶ್ವಾಸಕೋಶಕ್ಕೂ ಗಿಡದ ಎಲೆಗೂ ಶತ್ರು.

ಇದನ್ನು ತಡೆಯುವ ಏರ್ಪಾಡು ಸರಳವಾದುದು. ಟ್ಯಾಂಕಿನ ಆವಿಯನ್ನು ಒಂದು ಕೊಳವೆಯು ಇದ್ದಿಲು ತುಂಬಿದ ಡಬ್ಬಿಗೆ ಒಯ್ಯುತ್ತದೆ. ನೀರು ಸೋಸಲು ಬಳಸುವ ತೆಂಗಿನ ಚಿಪ್ಪಿನ ಸಕ್ರಿಯ ಇದ್ದಿಲಿನ ಜಾತಿಗೇ ಸೇರಿದ ಇದ್ದಿಲು ಅದು, ಆವಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ವಾಹನ ಓಡುವಾಗ ಪರ್ಜ್ ವಾಲ್ವ್ ಎಂಬ ಕವಾಟ ತೆರೆಯುತ್ತದೆ. ಡಬ್ಬಿಯ ಗಾಳಿಕಂಡಿಯ ಮೂಲಕ ಹೊರಗಿನ ಗಾಳಿ ಒಳನುಗ್ಗಿ, ಹಿಡಿದಿಟ್ಟ ಆವಿಯನ್ನು ಎಂಜಿನಿಗೆ ಸಾಗಿಸುತ್ತದೆ. ಅಲ್ಲಿ ಅದು ಉರಿದು ಹೋಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ 1970ರ ಮಾದರಿಯ ಕಾರುಗಳಿಂದಲೇ ಇಂತಹ ನಿಯಂತ್ರಣವನ್ನು ಕಡ್ಡಾಯಗೊಳಿಸಿತು. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಬಿಎಸ್-6 ನಿಯಮದ ಪ್ರಕಾರ, ಮುಚ್ಚಿದ ಕೋಣೆಯ ಪರೀಕ್ಷೆಯಲ್ಲಿ ಪೆಟ್ರೋಲ್ ಕಾರಿನಿಂದ ಹೊರಡುವ ಆವಿ 2 ಗ್ರಾಮನ್ನು ಮೀರಕೂಡದು. (ಡೀಸೆಲ್ ಅಷ್ಟು ಸುಲಭವಾಗಿ ಆವಿಯಾಗದು, ಆದ್ದರಿಂದ ಬಸ್ಸು, ಲಾರಿಗಳಿಗೆ ಈ ಮಾತು ಅನ್ವಯಿಸುವುದಿಲ್ಲ. ಅವುಗಳ ಪಾಪದ ಲೆಕ್ಕ ಬೇರೆ.)

ಆ 2 ಗ್ರಾಮಿನ ಪರೀಕ್ಷೆ ಮಾದರಿ ವಾಹನಕ್ಕೆ ನಡೆಯುವಂಥದು. ಹತ್ತು ಮಳೆಗಾಲ ಕಂಡ ವಾಹನವನ್ನು ಕೇಳುವವರಿಲ್ಲ. ಎಚ್ಚರಿಕೆಯ ದೀಪ ಹೊತ್ತಿಕೊಳ್ಳುವುದಲ್ಲ ಎಂದು ಕೆಲವರು ಸಮಾಧಾನಪಡುವುದುಂಟು. ಅಮೆರಿಕದ ನಿಯಮವು ಒಂದು ಮಿಲಿಮೀಟರಿನಷ್ಟು, ಮುಂದೆ ಅರ್ಧ ಮಿಲಿಮೀಟರಿನಷ್ಟು ಸಣ್ಣ ತೂತನ್ನೂ ವಾಹನವೇ ಪತ್ತೆಹಚ್ಚಬೇಕೆಂದು ಕೇಳಿತು. ಯುರೋಪಿನ ಮೇಲ್ಪಂಕ್ತಿಯನ್ನು ಅನುಸರಿಸಿದ ಭಾರತದ ನಿಯಮ ಕನಿಷ್ಠ ಪಕ್ಷ ಕೇಳುವುದು ಪರ್ಜ್ ವಾಲ್ವಿನ ವಿದ್ಯುತ್ ಸಂಪರ್ಕ ಸರಿಯಿದೆಯೇ ಎಂಬುದನ್ನಷ್ಟೇ. ಕೊಳವೆ ಬಿರಿದಿದ್ದರೂ ದೀಪ ಸುಮ್ಮನಿರಬಹುದು. ಆದ್ದರಿಂದ ಇಲ್ಲಿ ಮೊದಲ ಉಪಕರಣ ಮನುಷ್ಯನ ಮೂಗು.

ಬೆಳಿಗ್ಗೆ ಶೆಡ್ಡಿನ ಬಾಗಿಲು ತೆರೆದ ಕೂಡಲೇ ಪೆಟ್ರೋಲಿನ ವಾಸನೆ ಬಂದರೆ ಅದನ್ನು ಉಪೇಕ್ಷಿಸಕೂಡದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಶೆಡ್ಡಿಗೆ ತಾಗಿಯೇ ಬಚ್ಚಲಿನ ಒಲೆ ಉರಿಯುವ ಮನೆಗಳು ಮಲೆನಾಡಿನಲ್ಲಿ ಕಡಿಮೆಯೇನಲ್ಲ.

ಮೊದಲು ಟ್ಯಾಂಕಿನ ಮುಚ್ಚಳವನ್ನು ನೋಡಬೇಕು. ಅದರ ರಬ್ಬರ್ ವಾಷರ್ ಒಣಗಿ ಸೀಳಿದ್ದರೆ ಬದಲಿಸಿದರಾಯಿತು. ಅತಿ ಕಡಿಮೆ ಖರ್ಚಿನ ರಿಪೇರಿ ಇದೇ. ಬಳಿಕ ಟ್ಯಾಂಕಿನಿಂದ ಡಬ್ಬಿಗೆ, ಡಬ್ಬಿಯಿಂದ ಎಂಜಿನಿಗೆ ಹೋಗುವ ರಬ್ಬರ್ ಕೊಳವೆಗಳನ್ನು ಬೆರಳಿನಿಂದ ಬಾಗಿಸಿ ನೋಡಬೇಕು. ಕರಾವಳಿಯ ಉಪ್ಪುಗಾಳಿ ಲೋಹದ ಕ್ಲಿಪ್ಪುಗಳನ್ನು ತಿನ್ನುತ್ತದೆ. ಎಥೆನಾಲ್ ಬೆರೆತ ಪೆಟ್ರೋಲು, ಅದಕ್ಕಾಗಿ ತಯಾರಾಗದ ಹಳೆಯ ವಾಹನಗಳ ರಬ್ಬರನ್ನು ಕೆಡಿಸಬಲ್ಲದು.

ಸೋರಿಕೆಗಿಂತ ತಡೆ ಹೆಚ್ಚು ಮೋಸದ್ದು. ಪಂಪಿನಲ್ಲಿ ಟ್ಯಾಂಕು ಖಾಲಿಯಿದ್ದರೂ ನಳಿಕೆ ಪದೇ ಪದೇ ತಾನಾಗಿ ನಿಲ್ಲುತ್ತಿದ್ದರೆ, ಒಳಗಿನ ಗಾಳಿಗೆ ಹೊರಹೋಗಲು ದಾರಿಯಿಲ್ಲವೆಂದು ಶಂಕಿಸಬೇಕು. ರಾತ್ರಿಯಿಡೀ ನಿಂತ ವಾಹನದ ಮುಚ್ಚಳ ತೆಗೆದಾಗ ಗಾಳಿ ಜೋರಾಗಿ ಒಳಗೆ ಎಳೆಯಲ್ಪಟ್ಟರೆ ಗಾಳಿಕಂಡಿ ಕಟ್ಟಿರುವ ಸಂಭವ ಹೆಚ್ಚು. ಶಿರಾಡಿ ಘಾಟಿ ಏರಿ ಸಕಲೇಶಪುರ ತಲಪಿದೊಡನೆ ಕೇಳುವ ‘ಉಸ್’ ಎಂಬ ಸದ್ದು ಬೇರೆ. ಅಲ್ಲಿ ಹೊರಗಿನ ವಾಯುಭಾರ ಕರಾವಳಿಗಿಂತ ಸುಮಾರು ಹತ್ತನೇ ಒಂದು ಪಾಲು ಕಡಿಮೆ. ಗಾಳಿಕಂಡಿಗೆ ಮಳೆಗಾಲದ ಕೆಸರು ಮೆತ್ತಿಕೊಳ್ಳಬಹುದು, ಕಣಜದ ಹುಳು ಮಣ್ಣಿನ ಗೂಡು ಕಟ್ಟಬಹುದು. ಇದು ಹಾಸ್ಯವಲ್ಲ. 2011ರಲ್ಲಿ ಮಾಜ್ದಾ ಕಂಪನಿ ಉತ್ತರ ಅಮೆರಿಕದಲ್ಲಿ 50,000ಕ್ಕೂ ಮಿಕ್ಕಿ ಕಾರುಗಳನ್ನು ವಾಪಸು ಕರೆಸಿಕೊಂಡದ್ದು ಇದೇ ಕೊಳವೆಯಲ್ಲಿ ಬಲೆ ನೇಯುತ್ತಿದ್ದ ಜೇಡಗಳ ದೆಸೆಯಿಂದ. ಟ್ಯಾಂಕೇ ಬಿರಿಯುವ ಅಪಾಯವಿತ್ತು.

ಪರ್ಜ್ ವಾಲ್ವ್ ಮುಚ್ಚಿಯೇ ಉಳಿದರೆ ಡಬ್ಬಿ ಖಾಲಿಯಾಗದೆ ಆವಿ ಉಕ್ಕುತ್ತದೆ. ತೆರೆದೇ ಉಳಿದರೆ ಪೆಟ್ರೋಲ್ ತುಂಬಿಸಿದ ಬಳಿಕ ಎಂಜಿನ್ ಚಾಲೂ ಆಗಲು ತಕರಾರು ಮಾಡುತ್ತದೆ, ನಿಂತಲ್ಲಿ ನಡುಗುತ್ತದೆ. ವಾಲ್ವನ್ನು ಬಿಚ್ಚಿ, ವಿದ್ಯುತ್ ಸಂಪರ್ಕವಿಲ್ಲದಾಗ ಸ್ವಚ್ಛ ಕೊಳವೆಯಿಂದ ಊದಿದರೆ ಗಾಳಿ ದಾಟಬಾರದು. ದಾಟಿದರೆ ಅದು ಕೆಟ್ಟಿದೆ.

ಇಷ್ಟಕ್ಕೂ ಸಿಗದ ಸೂಕ್ಷ್ಮ ತೂತನ್ನು ಹುಡುಕಲು ವರ್ಕ್‌ಶಾಪುಗಳಲ್ಲಿ ಹೊಗೆ ಪರೀಕ್ಷೆಯ ಯಂತ್ರ ಬಳಸುತ್ತಾರೆ. ಗಾಳಿಕಂಡಿಯನ್ನು ಮುಚ್ಚಿ, ಒಂದು ಪಿಎಸ್ಐಗೂ ಕಡಿಮೆ ಒತ್ತಡದಲ್ಲಿ ಹೊಗೆ ಹಾಯಿಸಿದಾಗ ಸೀಳಿದ ಜಾಗದಿಂದ ಎಳೆಯಾಗಿ ಹೊಗೆ ಏಳುತ್ತದೆ. ಟಯರಿಗೆ ತುಂಬಿಸುವ ಕಂಪ್ರೆಸರಿನ ಗಾಳಿಯನ್ನು ಈ ಕೆಲಸಕ್ಕೆ ಎಂದೂ ಬಳಸಕೂಡದು. ಅದರ ಒತ್ತಡವನ್ನು ಟ್ಯಾಂಕು ತಾಳದು, ಒಳಗಿನ ಆವಿಗೆ ಗಾಳಿ ಬೆರೆತರೆ ಒಂದು ಕಿಡಿ ಸಾಕು.

ಇನ್ನು ಘಟ್ಟದವರಿಗೇ ವಿಶೇಷವಾದ ಒಂದು ಅಭ್ಯಾಸವುಂಟು. ಮಂಗಳೂರು ಬಿಡುವ ಮುನ್ನ, ಮೇಲೆ ಪಂಪು ದೂರವೆಂದು, ನಳಿಕೆ ತಾನಾಗಿ ನಿಂತ ಬಳಿಕವೂ “ಇನ್ನೂ ಸ್ವಲ್ಪ ಹಾಕಿ” ಎಂದು ಕುತ್ತಿಗೆಯವರೆಗೆ ತುಂಬಿಸುವುದು. ಆವಿಗೆಂದು ಬಿಟ್ಟ ಜಾಗಕ್ಕೆ ದ್ರವವೇ ನುಗ್ಗಿ, ಏರಿನಲ್ಲಿ ಟ್ಯಾಂಕು ವಾಲಿದಾಗ ಡಬ್ಬಿಗೂ ಸೇರಬಹುದು. ಒಮ್ಮೆ ಪೆಟ್ರೋಲಿನಲ್ಲಿ ತೊಯ್ದ ಇದ್ದಿಲು ಮೊದಲಿನಂತೆ ಆವಿಯನ್ನು ಹೀರುವುದು ಕಷ್ಟ. ಅದನ್ನು ತೊಳೆದು ಒಣಗಿಸಿ ಮತ್ತೆ ಹಾಕುವ ಉಪಾಯ ಫಲಿಸುವುದಿಲ್ಲ, ಡಬ್ಬಿಯನ್ನೇ ಬದಲಿಸಬೇಕು. ತೆಗೆದ ಹಳೆಯ ಡಬ್ಬಿಯನ್ನು ತೋಡಿಗೆ ಎಸೆಯದೆ, ಒಲೆಗೂ ಹಾಕದೆ, ವರ್ಕ್‌ಶಾಪಿನವರಿಗೇ ಒಪ್ಪಿಸಬೇಕು.