ಇಷ್ಟ, ಮೆಚ್ಚುಗೆ, ಒಪ್ಪಿಗೆ



2009ರ ಫೆಬ್ರವರಿಯಲ್ಲಿ ಫೇಸ್‌ಬುಕ್ ‘ಲೈಕ್’ ಗುಂಡಿಯನ್ನು ಪರಿಚಯಿಸಿತು. ಆ ಇಂಗ್ಲಿಷ್ ಕ್ರಿಯಾಪದವು ಇಂದು ‘ಲೈಕ್ ಮಾಡು’, ‘ಲೈಕ್ ಒತ್ತು’ ಎಂದು ಕನ್ನಡದಲ್ಲಿಯೂ ನೆಲೆಯೂರಿದೆ. ಫ್ಲೂಗರ್‌ವಿಲ್‌ನ ಮನೆಯೊಂದರಲ್ಲಿ ಕುಳಿತವರು ಧಾರವಾಡದ ಗೆಳೆಯರ ಮಗುವಿನ ಚಿತ್ರಕ್ಕೂ, ಮೈಸೂರಿನ ಬಂಧುವಿನ ಸಾವಿನ ಸುದ್ದಿಗೂ ಅದೇ ಗುಂಡಿಯನ್ನು ಒತ್ತಿರುವುದುಂಟು. ಮೊದಲನೆಯದು ಸಂತೋಷ, ಎರಡನೆಯದು ‘ಸುದ್ದಿ ತಲುಪಿತು, ಜೊತೆಗಿದ್ದೇವೆ’ ಎಂಬ ಸೂಚನೆ. ದುಃಖ, ಕೋಪ, ಅಚ್ಚರಿಗಳಿಗೆ ಪ್ರತ್ಯೇಕ ಚಿಹ್ನೆಗಳು ಬಂದದ್ದು 2016ರಲ್ಲಿ.

ಈ ಪದದ ಚರಿತ್ರೆಯೂ ಕುತೂಹಲಕರವಾದುದು. ಹಳೆಯ ಇಂಗ್ಲಿಷಿನಲ್ಲಿ ಇದರ ಮೂಲರೂಪಕ್ಕೆ ‘ಹಿಡಿಸು’ ಎಂಬ ಅರ್ಥವಿತ್ತು. ಹಿಡಿಸಿದ ವಸ್ತುವೇ ವಾಕ್ಯದ ಕರ್ತೃ. ಮನುಷ್ಯ ಅದನ್ನು ಅನುಭವಿಸುವವನು ಮಾತ್ರ. ಷೇಕ್ಸ್‌ಪಿಯರನ ಕಾಲದವರೆಗೂ ಈ ಬಳಕೆ ಉಳಿದಿತ್ತು. ಟೆಕ್ಸಾಸಿನ ಬೀದಿಗಳಲ್ಲಿ ಕಿವಿಗೆ ಬೀಳುವ ಸ್ಪ್ಯಾನಿಷಿನ ‘ಮೆ ಗುಸ್ತಾ’ ಇಂದಿಗೂ ಹೀಗೆಯೇ ಇದೆ. ಕನ್ನಡದ ‘ನನಗೆ ಇಷ್ಟ’, ‘ನನಗೆ ಹಿಡಿಸಿತು’ ಎಂಬವೂ ಚತುರ್ಥೀ ವಿಭಕ್ತಿಯಲ್ಲಿವೆ. ಆದರೆ ‘ನಾನು ಮೆಚ್ಚಿದೆ’, ‘ನಾನು ಒಪ್ಪಿದೆ’ ಎನ್ನುವಾಗ ಮನುಷ್ಯನೇ ಕರ್ತೃ. ಇಷ್ಟ ಆಗುವಂಥದು, ಮೆಚ್ಚುಗೆ ತೂಗಿ ನೋಡಿ ಕೊಡುವಂಥದು, ಒಪ್ಪಿಗೆ ಹೊಣೆ ಹೊರುವಂಥದು.

ಗುಂಡಿಗೆ ಈ ವಿವೇಕವಿಲ್ಲ. ಅದನ್ನು ಓದುವ ಅಧಿಕಾರಕ್ಕಾದರೂ ಇರಬೇಕು. 2012ರ ನವೆಂಬರಿನಲ್ಲಿ, ಬಾಳ್ ಠಾಕ್ರೆಯವರ ನಿಧನದ ಬಳಿಕ ಮುಂಬಯಿ ಸ್ತಬ್ಧವಾದುದನ್ನು ಪ್ರಶ್ನಿಸಿ ಬರೆದ ಪಾಲ್ಘರ್‌ನ ಯುವತಿಯೊಡನೆ, ಅದನ್ನು ಲೈಕ್ ಮಾಡಿದ ಗೆಳತಿಯೂ ಬಂಧನಕ್ಕೊಳಗಾದಳು. ಅವರ ಮೇಲೆ ಹೂಡಿದ್ದ 66ಎ ಕಲಮನ್ನು ಸರ್ವೋಚ್ಚ ನ್ಯಾಯಾಲಯ ರದ್ದುಗೊಳಿಸಿದ್ದು 2015ರ ಮಾರ್ಚ್ 24ರಂದು. ಅಮೆರಿಕದ ವರ್ಜೀನಿಯಾದಲ್ಲಿ ಶೆರಿಫ್ ಕಚೇರಿಯ ನೌಕರನೊಬ್ಬ ಚುನಾವಣೆಯಲ್ಲಿ ಎದುರಾಳಿಯ ಪುಟವನ್ನು ಲೈಕ್ ಮಾಡಿದ್ದ. ಬಳಿಕ ಅವನ ಕೆಲಸ ಹೋಯಿತು. ಲೈಕ್ ‘ಮಾತು’ ಎನಿಸಿಕೊಳ್ಳುವಷ್ಟು ಗಟ್ಟಿಯಲ್ಲ ಎಂದು 2012ರಲ್ಲಿ ಕೆಳಗಿನ ನ್ಯಾಯಾಲಯ ಹೇಳಿತು. ಅದು ಸಂವಿಧಾನದ ರಕ್ಷಣೆಯುಳ್ಳ ಮಾತೇ ಎಂದು 2013ರಲ್ಲಿ ಮೇಲ್ಮನವಿ ನ್ಯಾಯಾಲಯ ತಿದ್ದಿತು. ಒಂದೆಡೆ ಅದೇ ಬೆರಳೊತ್ತು ಅಪರಾಧ, ಇನ್ನೊಂದೆಡೆ ಹಕ್ಕು.

ಆಸ್ಟಿನ್, ಡಲ್ಲಾಸ್, ಹ್ಯೂಸ್ಟನ್ನಿನ ಕನ್ನಡ ಕುಟುಂಬಗಳಿಗೆ ಇದು ದೂರದ ಸಂಗತಿಯಲ್ಲ. 2019ರಿಂದ ಅಮೆರಿಕದ ವೀಸಾ ಅರ್ಜಿದಾರರು ಹಿಂದಿನ ಐದು ವರ್ಷಗಳಲ್ಲಿ ಬಳಸಿದ ಸಾಮಾಜಿಕ ಜಾಲತಾಣ ಖಾತೆಗಳ ಹೆಸರು ನಮೂದಿಸಬೇಕು. ಪ್ರತಿಯೊಂದು ‘ಇಷ್ಟ’ವನ್ನೂ ‘ಒಪ್ಪಿಗೆ’ಯೆಂದು ಯಾರೋ ಓದಬಹುದೆಂಬ ಅಳುಕು ಹೊಕ್ಕ ಮನೆಯಲ್ಲಿ ಮೊದಲು ಸಾಯುವುದು ಓದಿನ ಕುತೂಹಲ, ಆಮೇಲೆ ಮಾತು.

ಆದ್ದರಿಂದ ಬೇಡಿಕೆ ಎರಡು. ಇಷ್ಟವನ್ನು ಒಪ್ಪಿಗೆಯೆಂದು ಓದುವ ಹಕ್ಕನ್ನು ಯಾವ ಪ್ರಭುತ್ವಕ್ಕೂ ಕೊಡಬಾರದು. ಹಾಗೆಯೇ, ಮೆಚ್ಚಿದ್ದನ್ನು ಏಕೆ ಮೆಚ್ಚಿದೆವೆಂದು ಎರಡು ಸಾಲು ಬರೆಯುವ ಶ್ರಮವನ್ನು ಗುಂಡಿಗೆ ವಹಿಸಿಬಿಡಬಾರದು. ಮೂರು ಪದಗಳನ್ನು ಬೇರೆಬೇರೆಯಾಗಿ ಉಳಿಸಿಕೊಂಡಿರುವ ಭಾಷೆಯ ಜನಕ್ಕೆ ಇದು ಕಷ್ಟವಾಗಬಾರದು.