ಬೆಂಕಿ ಕಂಡು ಮತ್ತೆ ಮಲಗಿದವನು

ಸ್ಯಾಮ್ಯುಯೆಲ್ ಪೀಪ್ಸ್ ದಿನಚರಿ ಬರೆಯಲು ಕೂತದ್ದು 1660ರ ಜನವರಿ 1ರಂದು. ಆಗ ಅವನಿಗೆ ಇಪ್ಪತ್ತಾರು ವರ್ಷ. ಲಂಡನ್ನಿನ ದರ್ಜಿಯೊಬ್ಬನ ಮಗ. ಕೈಯಲ್ಲಿದ್ದದ್ದು ಸಣ್ಣದೊಂದು ಗುಮಾಸ್ತಿಕೆ. ಹಳೆಯ ನೋವು ಈಗ ಕಾಡುತ್ತಿಲ್ಲವೆಂದು ಮೊದಲ ಸಾಲಿನಲ್ಲೇ ದೇವರನ್ನು ನೆನೆಯುತ್ತಾನೆ. ಅದಕ್ಕೆ ಕಾರಣವಿತ್ತು. 1658ರ ಮಾರ್ಚ್ 26ರಂದು, ಅರಿವಳಿಕೆ ಎಂಬುದೇ ಇಲ್ಲದ ಕಾಲದಲ್ಲಿ, ಮೂತ್ರಕೋಶದ ಕಲ್ಲನ್ನು ಕೊಯ್ಸಿ ತೆಗೆಸಿಕೊಂಡು ಬದುಕಿ ಉಳಿದಿದ್ದ. ಆ ಕಲ್ಲಿಗೆ ಒಂದು ಪೆಟ್ಟಿಗೆಯನ್ನೂ ಮಾಡಿಸಿದ. ಅನುಕೂಲವಾದ ವರ್ಷಗಳಲ್ಲಿ ಆ ದಿನ ಆಪ್ತರನ್ನು ಕರೆದು ಔತಣ ಇಟ್ಟುಕೊಳ್ಳುತ್ತಿದ್ದ.

ದಿನಚರಿ ಶುರುವಾದಾಗ ಇಂಗ್ಲೆಂಡಿಗೆ ದೊರೆ ಇರಲಿಲ್ಲ. ಒಂದನೆಯ ಚಾರ್ಲ್ಸನ ತಲೆ ಕಡಿದದ್ದನ್ನು ಪೀಪ್ಸ್ ಶಾಲಾ ಹುಡುಗನಾಗಿ ಕಣ್ಣಾರೆ ಕಂಡಿದ್ದ. ಆ ದೊರೆಯ ಮಗನನ್ನು ಹಾಲೆಂಡಿನಿಂದ ಮರಳಿ ಕರೆತಂದ ಹಡಗಿನಲ್ಲಿ, 1660ರ ಮೇ ತಿಂಗಳಲ್ಲಿ, ಅವನೂ ಇದ್ದ. ಹಡಗುಪಡೆಯನ್ನು ನಡೆಸುತ್ತಿದ್ದ ಎಡ್ವರ್ಡ್ ಮಾಂಟಗು ಅವನ ಬಂಧು. ಆ ನೆರಳಿನಲ್ಲೇ ನೌಕಾ ಮಂಡಳಿಯಲ್ಲಿ ಒಳ್ಳೆಯ ಹುದ್ದೆ ಸಿಕ್ಕಿತು. ಕೇಂಬ್ರಿಜ್‌ನಲ್ಲಿ ಓದಿ ಬಂದಿದ್ದರೂ ಮಗ್ಗಿ ಬರುತ್ತಿರಲಿಲ್ಲ. 1662ರಲ್ಲಿ ಹಡಗಿನ ಕೆಲಸ ಬಲ್ಲವನೊಬ್ಬನನ್ನು ಮನೆಗೆ ಕರೆಸಿಕೊಂಡು, ಬೆಳಗಿನ ಜಾವ ನಾಲ್ಕಕ್ಕೇ ಎದ್ದು ಉರುಹೊಡೆದ. ಮರದ ದಿಮ್ಮಿ, ಹಗ್ಗ, ಟಾರು ಮಾರಲು ಬರುವ ವರ್ತಕರ ಲೆಕ್ಕ ಹಿಡಿಯುವುದಕ್ಕೆ ಲ್ಯಾಟಿನ್ ಸಾಲದು.

ಬರೆದದ್ದು ಥಾಮಸ್ ಶೆಲ್ಟನ್ ಎಂಬುವನ ಶೀಘ್ರಲಿಪಿಯಲ್ಲಿ. ಒಂಬತ್ತೂವರೆ ವರ್ಷದಲ್ಲಿ ಆರು ಸಂಪುಟ, ಹನ್ನೆರಡು ಲಕ್ಷಕ್ಕೂ ಹೆಚ್ಚು ಪದ. ತೊಟ್ಟ ಬಟ್ಟೆ, ನೋಡಿದ ನಾಟಕ, ಹೆಂಡತಿ ಎಲಿಜಬೆತ್ ಜತೆಗಿನ ಜಗಳ, ಕೈಗೆ ಬಂದ ಲಂಚ ಎಲ್ಲಕ್ಕೂ ಅಲ್ಲಿ ಜಾಗವಿದೆ. ಹೆಂಗಸರ ವಿಷಯದಲ್ಲಿ ಅವನ ನಡತೆ ಕೆಟ್ಟದ್ದೇ. ಅದನ್ನು ಫ್ರೆಂಚ್, ಸ್ಪ್ಯಾನಿಷ್ ಪದಗಳ ಹಿಂದೆ ಮುಚ್ಚಿಟ್ಟ, ಆದರೆ ಬರೆಯದೆ ಬಿಡಲಿಲ್ಲ. 1665ರ ಪ್ಲೇಗಿನಲ್ಲಿ ಲಂಡನ್ನಿನ ಸಾವಿನ ಪಟ್ಟಿಗಳು ಅರವತ್ತೆಂಟು ಸಾವಿರಕ್ಕೂ ಹೆಚ್ಚು ಜನರನ್ನು ಲೆಕ್ಕ ಹಾಕಿದವು. ಬಾಗಿಲುಗಳ ಮೇಲಿನ ಕೆಂಪು ಶಿಲುಬೆ ಕಂಡು ಹೆದರಿ ಪೀಪ್ಸ್ ಹೊಗೆಸೊಪ್ಪು ಕೊಂಡು ಜಗಿದ. ವರ್ಷದ ಕೊನೆಗೆ ಆಸ್ತಿ 1,300 ಪೌಂಡಿನಿಂದ 4,400 ಪೌಂಡಿಗೆ ಏರಿದ್ದನ್ನೂ, ಇಷ್ಟು ಖುಷಿಯಾಗಿ ತಾನೆಂದೂ ಇರಲಿಲ್ಲ ಎನ್ನುವುದನ್ನೂ ನಾಚಿಕೆಯಿಲ್ಲದೆ ದಾಖಲಿಸಿದ.

1666ರ ಸೆಪ್ಟೆಂಬರ್ 2 ಭಾನುವಾರ. ಮಧ್ಯಾಹ್ನ ಮನೆಯಲ್ಲಿ ಔತಣವಿದ್ದುದರಿಂದ ಕೆಲಸದ ಹೆಣ್ಣುಮಕ್ಕಳು ರಾತ್ರಿ ಬಹಳ ಹೊತ್ತು ಎದ್ದಿದ್ದರು. ಬೆಳಗಿನ ಜಾವ ಮೂರರ ಸುಮಾರಿಗೆ ಅವರಲ್ಲೊಬ್ಬಳಾದ ಜೇನ್ ಬಂದು ಊರಲ್ಲಿ ಬೆಂಕಿ ಬಿದ್ದಿದೆ ಎಂದು ಎಬ್ಬಿಸಿದಳು. ಪೀಪ್ಸ್ ನಿಲುವಂಗಿ ಹಾಕಿಕೊಂಡು ಅವಳ ಕಿಟಕಿಯ ಹತ್ತಿರ ಹೋಗಿ ನೋಡಿದ. ಮಾರ್ಕ್ ಲೇನಿನ ಹಿಂಭಾಗದಲ್ಲಿರಬಹುದು, ಸಾಕಷ್ಟು ದೂರವಿದೆ ಅನ್ನಿಸಿತು. ಹೋಗಿ ಮಲಗಿದ.

ಅದರಲ್ಲಿ ಪೆದ್ದುತನವೇನಿಲ್ಲ. ಮರದ ಮನೆಗಳು ಒತ್ತಿಕೊಂಡಿದ್ದ ಆ ಊರಿನಲ್ಲಿ ಬೆಂಕಿ ಅಪರೂಪದ್ದಲ್ಲ. ಏಳು ಗಂಟೆಗೆ ಎದ್ದು ನೋಡಿದಾಗ ಅದು ಇನ್ನೂ ಸಣ್ಣದಾಗಿ, ಇನ್ನೂ ದೂರದಲ್ಲಿ ಕಂಡಿತು. ರಾತ್ರಿ ಮುನ್ನೂರು ಮನೆ ಸುಟ್ಟವಂತೆ ಎಂದು ಜೇನ್ ಬಂದು ಹೇಳಿದ ಮೇಲೆಯೇ ಅವನು ಹೊರಬಿದ್ದದ್ದು. ಅಲ್ಲಿಂದಾಚೆ ಅವನ ಕಣ್ಣು ಎಲ್ಲೆಲ್ಲೂ ಓಡಾಡುತ್ತದೆ. ಗೂಡು ಬಿಡಲಾರದೆ ಕಿಟಕಿಗಳ ಸುತ್ತ ಹಾರಿ ರೆಕ್ಕೆ ಸುಟ್ಟು ಬಿದ್ದ ಪಾರಿವಾಳಗಳು; ಥೇಮ್ಸ್ ನದಿಯಲ್ಲಿ ಮನೆಸಾಮಾನು ಹೊತ್ತ ಮೂರು ದೋಣಿಗಳಲ್ಲಿ ಒಂದರಲ್ಲಾದರೂ ಕಂಡ ವರ್ಜಿನಲ್ ವಾದ್ಯ. ಮನೆಗಳನ್ನು ಕೆಡವಿಸದಿದ್ದರೆ ಬೆಂಕಿ ನಿಲ್ಲದು ಎಂದು ದೊರೆಗೆ ಹೇಳಿದವನೂ ಅವನೇ. ಕೆಡವಿಸಿ ಎಂಬ ದೊರೆಯ ಅಪ್ಪಣೆ ತಂದಾಗ ಮೇಯರ್ ಬ್ಲಡ್‌ವರ್ತ್ ಕುತ್ತಿಗೆಗೆ ಕರವಸ್ತ್ರ ಸುತ್ತಿಕೊಂಡು, ಜನ ಮಾತು ಕೇಳುತ್ತಿಲ್ಲವೆಂದು ಕೈಚೆಲ್ಲಿ ನಿಂತಿದ್ದ. ಇಷ್ಟರ ನಡುವೆಯೂ ಅತಿಥಿಗಳು ಬಂದರು, ಊಟ ನಡೆಯಿತು. ಎರಡು ದಿನ ಕಳೆದು ಪೀಪ್ಸ್ ಹಳ್ಳ ತೋಡಿ ವೈನನ್ನೂ ಪಾರ್ಮೆಸಾನ್ ಗಿಣ್ಣನ್ನೂ ಹೂತಿಟ್ಟ.

ಒಟ್ಟು ಸುಟ್ಟದ್ದು ಸುಮಾರು 13,200 ಮನೆ, 87 ಚರ್ಚು, ಜತೆಗೆ ಸೇಂಟ್ ಪಾಲ್ಸ್ ಮಹಾದೇಗುಲ. ಪೀಪ್ಸನ ಮನೆ ಉಳಿಯಿತು. ಅವನು ಬಿಡಿಹಾಳೆಗಳಲ್ಲಿ ಗುರುತು ಹಾಕಿಕೊಂಡು ಆಮೇಲೆ ಪುಸ್ತಕಕ್ಕೆ ಇಳಿಸುತ್ತಿದ್ದ. ಹಾಗಾಗಿ ಭಾನುವಾರದ ಪುಟ ಬರೆಯುವಾಗ ಕಥೆಯ ಕೊನೆ ಅವನಿಗೆ ಗೊತ್ತಿತ್ತು. ದೊರೆಯ ಮುಂದೆ ನಿಂತು ಸಲಹೆ ಕೊಟ್ಟವನಿಗೆ ನಿದ್ದೆಯ ಮಾತು ತೆಗೆದುಹಾಕುವುದು ಎಷ್ಟು ಹೊತ್ತಿನ ಕೆಲಸ? ತೆಗೆಯಲಿಲ್ಲ. ಅದನ್ನು ಪ್ರಾಮಾಣಿಕತೆ ಎಂದು ಹೊಗಳಬೇಕೆಂದೇನೂ ಇಲ್ಲ. ಬೆಳಗಿನ ಜಾವ ಹಾಗೆ ಕಂಡಿತ್ತು, ಹಾಗೇ ಬರೆದ, ಅಷ್ಟೇ ಇರಬಹುದು. ದೊಡ್ಡ ಘಟನೆ ಶುರುವಾಗುವಾಗ ಎಷ್ಟು ಸಣ್ಣದಾಗಿ ಕಾಣುತ್ತದೆ ಎಂಬುದಕ್ಕೆ ಮಾತ್ರ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಕಣ್ಣು ಹೋಗುತ್ತದೆ ಎಂಬ ಭಯದಿಂದ 1669ರ ಮೇ 31ರಂದು ದಿನಚರಿ ನಿಂತಿತು. ಕಣ್ಣು ಹೋಗಲಿಲ್ಲ. ಅದೇ ವರ್ಷ ಹೆಂಡತಿ ತೀರಿಕೊಂಡಳು. ಮುಂದೆ ಅವನು ನೌಕಾ ಇಲಾಖೆಯ ಕಾರ್ಯದರ್ಶಿಯಾದ, ಕೆಲಕಾಲ ಲಂಡನ್ ಟವರಿನಲ್ಲಿ ಸೆರೆಯಿದ್ದ, ರಾಯಲ್ ಸೊಸೈಟಿಯ ಅಧ್ಯಕ್ಷನೂ ಆದ. ನ್ಯೂಟನ್ನನ 'ಪ್ರಿನ್ಸಿಪಿಯಾ'ದ ಮುಖಪುಟದಲ್ಲಿ ಪೀಪ್ಸನ ಹೆಸರಿರುವುದು ಆ ಅಧಿಕಾರದಿಂದ. 1703ರಲ್ಲಿ ತೀರಿಕೊಂಡ. ಅವನ ಸುಮಾರು ಮೂರು ಸಾವಿರ ಪುಸ್ತಕಗಳು 1724ರಲ್ಲಿ ಕೇಂಬ್ರಿಜ್‌ನ ಮಾಡ್ಲಿನ್ ಕಾಲೇಜು ಸೇರಿದವು. ಅವುಗಳ ನಡುವೆ ಆ ಆರು ಸಂಪುಟಗಳೂ ಇದ್ದವು.

ಜಾನ್ ಸ್ಮಿತ್ ಎಂಬ ವಿದ್ಯಾರ್ಥಿ 1819ರಿಂದ ಮೂರು ವರ್ಷ ಕೂತು ಆ ಲಿಪಿಯನ್ನು ಬಿಡಿಸಿದ. ಅದರ ಕೀಲಿಯಾದ ಶೆಲ್ಟನ್ನನ ಕೈಪಿಡಿ ಅದೇ ಗ್ರಂಥಾಲಯದಲ್ಲಿದ್ದದ್ದು ಅವನಿಗೆ ತಿಳಿದಿರಲಿಲ್ಲ. 1825ರ ಮೊದಲ ಮುದ್ರಣ ಬಹಳಷ್ಟನ್ನು ಕತ್ತರಿಸಿತು. ಪೂರ್ತಿ ಪಾಠದ ಆವೃತ್ತಿ ಹನ್ನೊಂದು ಸಂಪುಟಗಳಲ್ಲಿ, 1970ರಿಂದ 1983ರವರೆಗೆ ಅಚ್ಚಾಯಿತು.