ವಿಭವದ ಇಳಿತದಿಂದ ವಿದ್ಯುತ್ ಕ್ಷೇತ್ರ



‘ವಿಭವ’ವೆಂಬ ಪದವು ಕಾವ್ಯದಲ್ಲಿ ಐಶ್ವರ್ಯವನ್ನು ಸೂಚಿಸುತ್ತದೆ, ಭೌತಶಾಸ್ತ್ರದಲ್ಲಿ ಅದರ ಅರ್ಥ ಬೇರೆಯೆಂಬುದನ್ನು ಮಕ್ಕಳಿಗೆ ಮೊದಲೇ ತಿಳಿಸುವುದು ಲೇಸು. ವಿದ್ಯುತ್ ವಿಭವವು ಒಂದೊಂದು ಬಿಂದುವಿಗೂ ಸೇರಿದ ಬೆಲೆ. ಆ ಬೆಲೆಯು ದೂರದೊಡನೆ ಎಷ್ಟು ಬೇಗ ಬದಲಾಗುತ್ತದೆ ಎಂಬುದನ್ನು ವಿದ್ಯುತ್ ಕ್ಷೇತ್ರವು ಹೇಳುತ್ತದೆ. ಈ ಭೇದವನ್ನರಿಯದ ವಿದ್ಯಾರ್ಥಿಯು ವಿಭವ ಹೆಚ್ಚಿರುವಲ್ಲಿ ಕ್ಷೇತ್ರವೂ ಹೆಚ್ಚೆಂದು ಬರೆಯುತ್ತಾನೆ.

ಆದವಾನಿಯ ಮಕ್ಕಳಿಗೆ ಕೋಟೆಯ ಬೆಟ್ಟವೇ ಇದಕ್ಕೆ ದೃಷ್ಟಾಂತ. ಸಮಾನ ಎತ್ತರದ ಸ್ಥಳಗಳನ್ನು ಕೂಡಿಸುವ ಸಮೋನ್ನತಿ ರೇಖೆಗಳು ಭೂಪಟದಲ್ಲಿ ಬೆಟ್ಟದ ಕಡಿದಾದ ಮೈಯಲ್ಲಿ ಒತ್ತಾಗಿಯೂ ಸುತ್ತಲಿನ ಎರೆಹೊಲಗಳಲ್ಲಿ ವಿರಳವಾಗಿಯೂ ಇರುತ್ತವೆ. ಬೆಟ್ಟದ ಮೇಲಿನ ಸಮತಟ್ಟಾದ ಜಾಗದಲ್ಲಿ ಎತ್ತರವುಂಟು, ಇಳಿಜಾರಿಲ್ಲ. ಎತ್ತರವನ್ನು ವಿಭವವೆಂದೂ ಸಮೋನ್ನತಿ ರೇಖೆಯನ್ನು ಸಮವಿಭವ ರೇಖೆಯೆಂದೂ ತಿಳಿದರೆ ಕ್ಷೇತ್ರದ ಚಿತ್ರವು ದೊರೆಯುತ್ತದೆ. ಸಮಾನ ಅಂತರದ ವಿಭವಗಳಿಗೆ ಎಳೆದ ರೇಖೆಗಳು ಒತ್ತಾದಲ್ಲಿ ಕ್ಷೇತ್ರವು ಪ್ರಬಲ; ಅದರ ದಿಕ್ಕು ರೇಖೆಗೆ ಲಂಬವಾಗಿ, ವಿಭವ ಇಳಿಯುವ ಕಡೆಗೆ. ಸೂತ್ರದ ಋಣಚಿಹ್ನೆಯು ಈ ಇಳಿತವನ್ನೇ ಸೂಚಿಸುತ್ತದೆ:

ಕ್ಷೇತ್ರ = − (ವಿಭವದ ಬದಲಾವಣೆ ÷ ದೂರದ ಬದಲಾವಣೆ)

ಈ ಪಾಠವು ಪರೀಕ್ಷೆಗಷ್ಟೇ ಸೀಮಿತವಲ್ಲ. ಗಾಳಿಮಳೆಗೆ ವಿದ್ಯುತ್ ತಂತಿಯು ಹತ್ತಿಯ ಹೊಲದಲ್ಲಿ ಹರಿದುಬಿದ್ದರೆ, ನೆಲ ಮುಟ್ಟಿದ ಬಿಂದುವಿನಿಂದ ವಿದ್ಯುತ್ತು ಸುತ್ತಲೂ ಹರಡುತ್ತದೆ. ದೂರ ಹೆಚ್ಚಿದಂತೆ ನೆಲದ ವಿಭವವು ಕಡಿಮೆಯಾಗುತ್ತದೆ. ಲೆಕ್ಕಕ್ಕಾಗಿ, 1200ನ್ನು ಮೀಟರುಗಳಲ್ಲಿರುವ ದೂರದಿಂದ ಭಾಗಿಸಿದಷ್ಟು ವೋಲ್ಟ್ ಎಂದು ಕಲ್ಪಿಸಿಕೊಳ್ಳಬಹುದು. 2 ಮೀಟರಿನಲ್ಲಿ 600 ವೋಲ್ಟ್, 3 ಮೀಟರಿನಲ್ಲಿ 400. ಒಂದು ಮೀಟರಿನ ಹೆಜ್ಜೆಯಿಟ್ಟವನ ಎರಡು ಪಾದಗಳ ನಡುವೆ 200 ವೋಲ್ಟ್. 20 ಮೀಟರಿನಲ್ಲಿ 60, 21 ಮೀಟರಿನಲ್ಲಿ ಸುಮಾರು 57. ಅದೇ ಹೆಜ್ಜೆಗೆ ಅಂತರವು 3 ವೋಲ್ಟ್ ಮಾತ್ರ. ಅಪಾಯವು ನಿಂತ ನೆಲದ ವಿಭವದಲ್ಲಿಲ್ಲ, ಎರಡು ಪಾದಗಳ ನಡುವಣ ಅಂತರದಲ್ಲಿದೆ. ಎತ್ತಿನ ಮುಂಗಾಲು ಹಿಂಗಾಲುಗಳ ನಡುವೆ ದೂರ ಹೆಚ್ಚು. ವಿದ್ಯುತ್ತು ಅದರ ಎದೆಯ ಮೂಲಕವೇ ಹಾಯುವುದರಿಂದ ದನಗಳಿಗೆ ಅಪಾಯವು ಇನ್ನೂ ಅಧಿಕ.

ಮೇಲಿನ 200 ಸರಾಸರಿ ಬೆಲೆ. ಶಿಕ್ಷಕರು ಕರಿಹಲಗೆಯ ಮೇಲೆ ಹೆಜ್ಜೆಯನ್ನು ಕಿರಿದುಗೊಳಿಸುತ್ತ ಹೋಗಬೇಕು. 2ರಿಂದ 2.1 ಮೀಟರಿನವರೆಗೆ ಪ್ರತಿ ಮೀಟರಿಗೆ ಸುಮಾರು 286 ವೋಲ್ಟ್, 2.01ರವರೆಗೆ ಸುಮಾರು 298.5. ಬೆಲೆಯು 300ರತ್ತ ಸಾಗುವುದನ್ನು ಮಕ್ಕಳೇ ಕಾಣುತ್ತಾರೆ. 2 ಮೀಟರಿನಲ್ಲಿ ಕ್ಷೇತ್ರವು ಅಷ್ಟೇ. ಅವಕಲನದ ಅರ್ಥವೂ ಅಲ್ಲಿಯೇ ತಿಳಿಯುತ್ತದೆ.

ಬಿದ್ದ ತಂತಿಯ ಸಮೀಪಕ್ಕೆ ಯಾರೂ ಹೋಗಬಾರದು. ಸಮೀಪದಲ್ಲಿ ಸಿಲುಕಿದವನು ಪಾದಗಳನ್ನು ಜೋಡಿಸಿ, ನೆಲದಿಂದ ಎತ್ತದೆ, ತುಸುತುಸುವೇ ಜರುಗುತ್ತ ದೂರ ಸರಿಯಬೇಕು. ಇದರ ಕಾರಣವನ್ನು ಶಾಲೆಯಲ್ಲಿ ಕನ್ನಡದಲ್ಲಿ ಅರಿತ ಮಗುವು ಸಂಜೆ ಮನೆಯವರಿಗೂ ಅದನ್ನು ತಿಳಿಸಬಲ್ಲದು.